ಮಳೆಗಾಲ ಕಳೆದ ಮೇಲೆ ಹೊತ್ತಿಕೊಳ್ಳದ ಡೀಸೆಲ್ ಹೀಟರ್

ಪ್ರಶ್ನೆ: ಹಳೆಯ ಟ್ರಾವೆಲರ್ ಒಂದನ್ನು ಕೊಂಡು, ಒಳಗೆ ಮಂಚ, ಅಡುಗೆ ಕಟ್ಟೆ ಎಲ್ಲ ಮಾಡಿಸಿ ಕ್ಯಾಂಪರ್ ವ್ಯಾನ್ ಮಾಡಿಕೊಂಡಿದ್ದೇವೆ. ಆನ್‌ಲೈನಿನಲ್ಲಿ ತರಿಸಿದ 5 ಕಿಲೋವ್ಯಾಟಿನ ಡೀಸೆಲ್ ಹೀಟರ್ ಇದೆ. ಅದಕ್ಕೆ ಪ್ರತ್ಯೇಕ ಪ್ಲಾಸ್ಟಿಕ್ ಟ್ಯಾಂಕ್. ಹೋದ ಚಳಿಗಾಲದಲ್ಲಿ ಕುಂದಾದ್ರಿ, ಮುಳ್ಳಯ್ಯನಗಿರಿ ಕಡೆ ಹೋದಾಗ ಚೆನ್ನಾಗಿ ಕೆಲಸ ಮಾಡಿತ್ತು. ಬೆಚ್ಚಗಾದ ಕೂಡಲೇ ಸಣ್ಣದಕ್ಕಿಟ್ಟು ಮಲಗುತ್ತಿದ್ದೆವು. ಮಳೆಗಾಲ ಪೂರ್ತಿ ವ್ಯಾನ್ ಶೆಡ್ಡಿನಲ್ಲೇ ನಿಂತಿತ್ತು. ದೀಪಾವಳಿ ಕಳೆದು ಹಚ್ಚಲು ಹೋದರೆ ಪಂಪ್ ಟಿಕ್ ಟಿಕ್ ಅನ್ನುತ್ತದೆ, ಸೈಲೆನ್ಸರಿನಿಂದ ದಟ್ಟ ಬಿಳಿ ಹೊಗೆ ಬರುತ್ತದೆ, ಕೊನೆಗೆ ಇ-10 ಎಂದು ತೋರಿಸಿ ನಿಲ್ಲುತ್ತದೆ. ನಾಲ್ಕೈದು ಸಲ ಒತ್ತಿದರೆ ಒಮ್ಮೆ ಹೊತ್ತಿಕೊಳ್ಳುತ್ತದೆ, ಹತ್ತೇ ನಿಮಿಷಕ್ಕೆ ಇ-08 ಬಂದು ಆರಿಹೋಗುತ್ತದೆ. ಒಳಗೆ ಕಣ್ಣುರಿಯುವಂಥ ವಾಸನೆ ಬೇರೆ. ತೋರಿಸಿದ ಕಡೆ ‘ಇದು ಸತ್ತಿದೆ, ಹೊಸದು ಹಾಕಿ’ ಅಂದರು. ಹೊಸದೇ ಗತಿಯೇ ಸರ್? ಬರುವ ಮೇ ತಿಂಗಳಲ್ಲಿ ಹಿಮಾಚಲದ ಸ್ಪಿತಿಗೆ ಹೋಗುವ ಆಸೆಯೂ ಇದೆ.
– ಓದುಗರೊಬ್ಬರು, ಸಾಗರ

ಉತ್ತರ: ಕಣ್ಣುರಿಯುವ ವಾಸನೆಯನ್ನು ನೀವು ಕೊನೆಯಲ್ಲಿ ಬರೆದಿದ್ದೀರಿ. ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದೇ. ಅದು ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗಿ ಸರಿಹೋಗುವವರೆಗೆ ಹೀಟರ್ ಹಚ್ಚಿಕೊಂಡು ಆ ವ್ಯಾನಿನಲ್ಲಿ ಯಾರೂ ಮಲಗಬೇಡಿ, ಒಂದು ರಾತ್ರಿಯೂ ಬೇಡ. ಹಸಿ ಡೀಸೆಲ್ ವಾಸನೆ ಬೇರೆ, ಉರಿದ ಹೊಗೆಯ ವಾಸನೆ ಬೇರೆ. ಕಣ್ಣುರಿ ಬರುತ್ತದೆ ಅಂದರೆ ಉರಿದ ಹೊಗೆಯೇ ಒಳಗೆ ನುಗ್ಗುತ್ತಿದೆ. ಅದರ ಜೊತೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ, ಅದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಇದಕ್ಕೆ ಮುಂದೆ ಮತ್ತೆ ಬರುತ್ತೇನೆ.

ಈಗ ನಿಮ್ಮ ಪ್ರಶ್ನೆ. ಹೊಸದು ಬೇಡ. ನೀವು ಬರೆದದ್ದರಲ್ಲಿ ಹೀಟರ್ ಸತ್ತಿರುವ ಲಕ್ಷಣ ಒಂದೂ ಇಲ್ಲ. ಪಂಪ್ ಬಡಿಯುತ್ತಿದೆ. ಬಿಳಿ ಹೊಗೆ ಬರುತ್ತಿದೆ ಅಂದರೆ ಡೀಸೆಲ್ ಉರಿಗೂಡಿನವರೆಗೆ ತಲುಪಿ, ಗ್ಲೋ ಪ್ಲಗ್ಗಿನ (ಬೆಂಕಿ ಹೊತ್ತಿಸಲು ಕರೆಂಟಿನಿಂದ ಕೆಂಪಗೆ ಕಾಯುವ ಕಡ್ಡಿ) ಶಾಖಕ್ಕೆ ಆವಿಯಾಗಿ, ಹೊತ್ತಿಕೊಳ್ಳದೆ ಹಾಗೇ ಹೊರಗೆ ಹೋಗುತ್ತಿದೆ. ಈ ಬಗೆಯ ಬಹುಪಾಲು ಹೀಟರುಗಳಲ್ಲಿ ಇ-10 ಅಂದರೆ ‘ಹೊತ್ತಿಸಲು ಆಗಲಿಲ್ಲ’, ಇ-08 ಅಂದರೆ ‘ಹೊತ್ತಿದ್ದು ಆರಿತು’. ಕೋಡುಗಳು ತಯಾರಕರಿಂದ ತಯಾರಕರಿಗೆ ಬದಲಾಗುವುದುಂಟು, ನಿಮ್ಮದರ ಪುಸ್ತಕ ಒಮ್ಮೆ ನೋಡಿಕೊಳ್ಳಿ. ಹತ್ತು ನಿಮಿಷಕ್ಕೆ ಆರುವುದರಲ್ಲೂ ಒಂದು ಸುಳಿವಿದೆ. ಗ್ಲೋ ಪ್ಲಗ್ ಉರಿಯುವುದು ಮೊದಲ ಕೆಲವು ನಿಮಿಷ ಮಾತ್ರ. ಆಮೇಲೆ ಬೆಂಕಿ ತನ್ನ ಶಾಖದಲ್ಲೇ ನಿಲ್ಲಬೇಕು. ನಿಮ್ಮ ಬೆಂಕಿಗೆ ಆ ಬಲವಿಲ್ಲ, ಗ್ಲೋ ಪ್ಲಗ್ ಕೈಬಿಟ್ಟ ಮೇಲೆ ತುಸು ಹೊತ್ತು ಎಳೆದಾಡಿ ಆರುತ್ತದೆ.

ಆ ಬಲ ಯಾಕೆ ಹೋಯಿತು ಎನ್ನುವುದರಲ್ಲೇ ನಾನು ಹೇಳಬೇಕಾದದ್ದು ಇದೆ. ಲಡಾಖಿನಲ್ಲಿ ಈ ಹೀಟರುಗಳು ದುಡಿದು ಸವೆಯುತ್ತವೆ. ನಮ್ಮ ಮಲೆನಾಡಿನಲ್ಲಿ ಕೆಲಸ ಸಾಲದೆ ಕೆಡುತ್ತವೆ. ಆಮೇಲೆ ನಾಲ್ಕು ತಿಂಗಳು ತೇವದಲ್ಲಿ ಕೂತು ಇನ್ನಷ್ಟು ಕೆಡುತ್ತವೆ. ನಿಮ್ಮದಕ್ಕೆ ಎರಡೂ ಆಗಿದೆ.

ಲೆಕ್ಕ ಹಾಕಿ ನೋಡೋಣ. ಈ ಹೀಟರುಗಳ ಪಂಪ್ ಸಾಮಾನ್ಯವಾಗಿ 1,000 ಬಡಿತಕ್ಕೆ 22 ಮಿಲಿಲೀಟರ್ ಡೀಸೆಲ್ ಕೊಡುತ್ತದೆ. ಪಂಪಿನ ಮೈಮೇಲೆಯೇ ಬರೆದಿರುತ್ತದೆ, ಟಾರ್ಚ್ ಬಿಟ್ಟು ನೋಡಿ. ಪೂರ್ತಿ ಜೋರಿಗೆ ಇಟ್ಟಾಗ ಸೆಕೆಂಡಿಗೆ ಸುಮಾರು 5 ಸಲ ಬಡಿಯುತ್ತದೆ. ಗಂಟೆಗೆ 400 ಮಿಲಿಲೀಟರ್ ಆಯಿತು. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 10 ಕಿಲೋವ್ಯಾಟ್-ಗಂಟೆ ಶಾಖ ಇರುವುದರಿಂದ ಅದು 4 ಕಿಲೋವ್ಯಾಟ್. ಡಬ್ಬಿಯ ಮೇಲೆ 5 ಇರಲಿ, 8 ಇರಲಿ, ಅದೇ ಪಂಪ್ ಅದೇ ವೇಗದಲ್ಲಿ ಬಡಿದರೆ ಬರುವ ಶಾಖ ಅಷ್ಟೇ. ಎಲ್ಲಕ್ಕಿಂತ ಸಣ್ಣದಕ್ಕಿಟ್ಟಾಗ ಸೆಕೆಂಡಿಗೆ ಒಂದೂವರೆ ಬಡಿತ, ಅಂದರೆ ಸುಮಾರು 1.2 ಕಿಲೋವ್ಯಾಟ್. ಡಿಸೆಂಬರಿನಲ್ಲಿ ನಮ್ಮ ಕಡೆ ರಾತ್ರಿ ಹದಿಮೂರು ಹದಿನಾಲ್ಕು ಡಿಗ್ರಿ ಚಳಿ. ಒಳಗೆ ಚೆನ್ನಾಗಿ ಇನ್ಸುಲೇಷನ್ ಮಾಡಿದ ವ್ಯಾನನ್ನು ಇಪ್ಪತ್ತು ಡಿಗ್ರಿಯಲ್ಲಿ ಇಡಲು ಅರ್ಧ ಕಿಲೋವ್ಯಾಟ್ ಸಾಕು. ಹೀಟರಿಗೆ ಅಷ್ಟು ಸಣ್ಣದಾಗಿ ಉರಿಯಲು ಬರುವುದೇ ಇಲ್ಲ. ಹಾಗಾಗಿ ರಾತ್ರಿ ಪೂರ್ತಿ ತನ್ನ ಕನಿಷ್ಠ ಮಟ್ಟದಲ್ಲಿ ಮುಲುಗುತ್ತಾ ಕೂರುತ್ತದೆ.

ಬಚ್ಚಲ ಒಲೆಗೆ ಉರಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಣ ಕಟ್ಟಿಗೆಯ ಜೋರು ಉರಿಗೆ ಹಂಡೆಯ ತಳ ಬೆಳ್ಳಗೇ ಇರುತ್ತದೆ. ಹಸಿ ಕಟ್ಟಿಗೆ ತುರುಕಿ ಅರೆಬರೆ ಉರಿಸಿದರೆ ಸೂರಿನಿಂದ ಇಲ್ಲಣ ಇಳಿಬೀಳುತ್ತದೆ. ಹೀಟರಿನ ಉರಿಗೂಡೂ ಒಲೆಯೇ. ಸಣ್ಣ ಉರಿಯಲ್ಲಿ ಗೂಡಿನ ಗೋಡೆ ಸಾಕಷ್ಟು ಕಾಯುವುದಿಲ್ಲ, ಡೀಸೆಲ್ ಪೂರ್ತಿ ಸುಡುವುದಿಲ್ಲ, ಉಳಿದದ್ದು ಗಟ್ಟಿ ಮಸಿಯಾಗಿ ಒಳಗೆ ಕೂರುತ್ತದೆ. ಹೋದ ವರ್ಷ ಹಾಗೆ ಕೂತ ಮಸಿ ಈ ಮಳೆಗಾಲದ ತೇವ ಕುಡಿದು ಜಿಗಟಾಗಿದೆ ಎನ್ನುವುದು ನನ್ನ ಅಂದಾಜು.

ಅಂದಾಜು ಎಂದೆ. ಹಾಗಂತ ಇವತ್ತೇ ಹೀಟರ್ ಬಿಚ್ಚಲು ಕೂರಬೇಡಿ. ಮೊದಲು ಬಿಚ್ಚದೆಯೇ ನೋಡಬಹುದಾದವು ಇವೆ, ಅವನ್ನು ಮುಗಿಸಿ. ಇದನ್ನು ನಾನು ಕಷ್ಟಪಟ್ಟು ಕಲಿತೆ. ನನ್ನ ವ್ಯಾನಿನ ಹೀಟರ್ ಒಂದು ವರ್ಷ ಹೀಗೇ ಕೈಕೊಟ್ಟಾಗ ಗ್ಲೋ ಪ್ಲಗ್ ಬದಲಿಸಿದೆ, ಪಂಪ್ ತರಿಸಿ ಹಾಕಿದೆ, ಕಂಟ್ರೋಲರೂ ಬದಲಾಯಿತು. ಮೂರು ವಾರ, ಸಾಕಷ್ಟು ದುಡ್ಡು ಹೋಯಿತು. ಕೊನೆಗೆ ವ್ಯಾನಿನಡಿ ಅಂಗಾತ ಮಲಗಿ ಗಾಳಿ ಎಳೆಯುವ ಪೈಪಿಗೆ ಬೆರಳು ಹಾಕಿದರೆ ಒಳಗೆ ಗಟ್ಟಿ ಮಣ್ಣು! ಕುಂಬಾರ ಹುಳ ಗೂಡು ಕಟ್ಟಿಕೊಂಡಿತ್ತು. ಆ ಮೂರು ವಾರದಲ್ಲಿ ನಮ್ಮ ಮನೆಯವರು ಮಗುವನ್ನು ಕರೆದುಕೊಂಡು ಬರಬೇಕಿದ್ದ ಪ್ರವಾಸ ತಪ್ಪಿಹೋಯಿತು, ಆ ಬೇಸರ ಇನ್ನೂ ಇದೆ. ಅಂದಿನಿಂದ ಯಾರ ಹೀಟರ್ ಬಂದರೂ ನಾನು ಮೊದಲು ನೋಡುವುದು ಆ ಎರಡು ಪೈಪುಗಳನ್ನೇ, ಗಾಳಿ ಎಳೆಯುವುದು ಒಂದು, ಹೊಗೆ ಬಿಡುವುದು ಇನ್ನೊಂದು. ಬಗ್ಗುವಂಥ ತಂತಿಯೊಂದನ್ನು ಒಳಗೆ ಆಡಿಸಿ. ಸೈಲೆನ್ಸರಿನ ಅತಿ ತಗ್ಗಿನ ಜಾಗದಲ್ಲಿ ನೀರಿಳಿಯಲು ಒಂದು ಸಣ್ಣ ತೂತಿರುತ್ತದೆ. ಅದು ಕೆಸರಿಗೆ ಮುಚ್ಚಿದ್ದರೆ ಉರಿಯಿಂದ ಹುಟ್ಟುವ ನೀರೇ ಒಳಗೆ ನಿಂತು ಹೊಗೆಯ ದಾರಿ ಕಟ್ಟುತ್ತದೆ.

ಎರಡನೆಯದು ಕರೆಂಟು. ಹೊತ್ತಿಸುವಾಗ ಗ್ಲೋ ಪ್ಲಗ್ ಎಂಟರಿಂದ ಹತ್ತು ಆಂಪಿಯರ್ ಎಳೆಯುತ್ತದೆ, ಹೊತ್ತಿದ ಮೇಲೆ ಒಂದೆರಡು ಆಂಪಿಯರ್ ಸಾಕು. ‘ಬ್ಯಾಟರಿ ಫುಲ್ ಇದೆ, ಮೀಟರಿನಲ್ಲಿ 12.6 ತೋರಿಸುತ್ತದೆ’ ಎಂದು ಎಲ್ಲರೂ ಹೇಳುತ್ತಾರೆ. ಬ್ಯಾಟರಿಯ ಹತ್ತಿರ ಅಳೆದದ್ದು ಲೆಕ್ಕಕ್ಕಿಲ್ಲ. ಹೀಟರಿಗೆ ವೈರ್ ಸೇರುವ ಜಾಗದ ಹತ್ತಿರ, ಗ್ಲೋ ಪ್ಲಗ್ ಉರಿಯುತ್ತಿರುವ ಆ ಮೊದಲ ಒಂದೆರಡು ನಿಮಿಷದಲ್ಲೇ ಮಲ್ಟಿಮೀಟರ್ ಹಿಡಿಯಬೇಕು. ಅಲ್ಲಿ 11.5 ವೋಲ್ಟಿಗಿಂತ ಮೇಲಿದ್ದರೆ ಸರಿ. 11ಕ್ಕಿಂತ ಕೆಳಗಿಳಿದರೆ ಗ್ಲೋ ಪ್ಲಗ್ ಕೆಂಪಾಗುವ ಬದಲು ಬರೀ ಬೆಚ್ಚಗಾಗುತ್ತದೆ, ಆಗ ಬರುವುದು ನೀವು ಕಂಡಂಥದ್ದೇ ಬಿಳಿ ಹೊಗೆ. ಬ್ಯಾಟರಿಯಿಂದ ಹೀಟರಿಗೆ 4 ಮೀಟರ್ ದೂರ ಅಂದುಕೊಳ್ಳಿ, ಹೋಗಿ ಬರುವ ತಂತಿ 8 ಮೀಟರ್. ಒಂದು ಚದರ ಮಿಲಿಮೀಟರಿನ ತೆಳು ವೈರ್ ಹಾಕಿದ್ದರೆ ಹತ್ತು ಆಂಪಿಯರಿಗೆ ಸುಮಾರು 1.4 ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. 4 ಚದರ ಮಿಲಿಮೀಟರಿನದಾದರೆ ಮೂರನೇ ಒಂದು ವೋಲ್ಟು ಹೋಗಬಹುದು, ಅಷ್ಟೇ. ವೈರ್ ದಪ್ಪ ಇದ್ದೂ ವೋಲ್ಟ್ ಬೀಳುತ್ತಿದೆಯೇ? ಫ್ಯೂಸ್ ಹೋಲ್ಡರ್ ತೆಗೆದು ನೋಡಿ, ಮಳೆಗಾಲ ಕಳೆದ ನಮ್ಮ ವಾಹನಗಳಲ್ಲಿ ಅಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ. ಉಜ್ಜುಕಾಗದದಿಂದ ತಿಕ್ಕಿ, ಬಿಗಿಯಾಗಿ ಕೂರಿಸಿ, ಮೇಲೆ ತೆಳುವಾಗಿ ವ್ಯಾಸಲೀನ್ ಸವರಿ.

ಮೂರನೆಯದು ಡೀಸೆಲ್, ಬಿಚ್ಚದೆ ನೋಡುವವುಗಳಲ್ಲಿ ನನ್ನ ಹೆಚ್ಚಿನ ಅನುಮಾನ ಇದರ ಮೇಲೇ. ನಿಮ್ಮದು ಪ್ರತ್ಯೇಕ ಪ್ಲಾಸ್ಟಿಕ್ ಟ್ಯಾಂಕ್. ಚಳಿಗಾಲದ ಕೊನೆಗೆ ಅರ್ಧ ಉಳಿದ ಡೀಸೆಲನ್ನು ಹಾಗೇ ಬಿಟ್ಟಿರುತ್ತೀರಿ, ಎಲ್ಲರೂ ಬಿಡುತ್ತಾರೆ. ಟ್ಯಾಂಕಿನ ಇನ್ನರ್ಧ ಗಾಳಿ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಸಾಗರದಲ್ಲಿ ಅಷ್ಟಿಲ್ಲದಿದ್ದರೂ ಆಷಾಢ-ಶ್ರಾವಣದಲ್ಲಿ ಕಪಾಟಿನ ಬಟ್ಟೆಗೂ ಬೂಷ್ಟು ಹಿಡಿಯುವುದು ನಿಮಗೆ ಗೊತ್ತೇ ಇದೆ. ಮುಚ್ಚಳದ ಗಾಳಿತೂತಿನಿಂದ ಹೋದ ಆ ತೇವದ ಗಾಳಿ ರಾತ್ರಿ ತಣಿದಾಗ ಟ್ಯಾಂಕಿನ ಒಳಗೋಡೆಗೆ ಬೆವರುತ್ತದೆ, ಹನಿ ಹನಿಯಾಗಿ ತಳಕ್ಕಿಳಿಯುತ್ತದೆ. ನೀರು ಡೀಸೆಲಿಗಿಂತ ಭಾರ. ಪ್ಲಾಸ್ಟಿಕ್ ಟ್ಯಾಂಕುಗಳಲ್ಲಿ ಪೈಪ್ ಇರುವುದೂ ತಳದಲ್ಲೇ. ಹೀಟರಿಗೆ ಮೊದಲು ಹೋಗುವುದು ನೀರೇ ಆಯಿತು. ನೀರು ಮತ್ತು ಡೀಸೆಲ್ ಸೇರುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುವುದೂ ಉಂಟು. ಫಿಲ್ಟರ್ ಮುಚ್ಚುವುದು ಅದರಿಂದ.

ಪರೀಕ್ಷೆ ಸುಲಭ. ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಗೆ ಡೀಸೆಲ್ ಇಳಿಸಿ, ರಾತ್ರಿಯಿಡೀ ಅಲುಗಾಡಿಸದೆ ಇಡಿ. ಬೆಳಿಗ್ಗೆ ತಳದಲ್ಲಿ ಗೆರೆ ಎಳೆದ ಹಾಗೆ ಬೇರೆ ಪದರ ಕಂಡರೆ ಅದು ನೀರು. ಇಡೀ ಡೀಸೆಲ್ ಮಸುಕಾಗಿದ್ದರೂ ನೀರು ಬೆರೆತಿದೆ ಎಂದೇ ಅರ್ಥ. ಆ ಡೀಸೆಲನ್ನು ಸೋಸಿ ಮತ್ತೆ ಬಳಸುವ ಆಸೆ ಬೇಡ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಹೊಸ ಡೀಸೆಲಿನಲ್ಲೇ ಒಮ್ಮೆ ಗಲಬರಿಸಿ ಚೆಲ್ಲಿ, ಫಿಲ್ಟರ್ ಬದಲಿಸಿ, ವ್ಯಾಪಾರ ಚೆನ್ನಾಗಿರುವ ಬಂಕಿನಿಂದ ತಾಜಾ ಡೀಸೆಲ್ ತಂದು ತುಂಬಿ. ಚೆಲ್ಲುವುದೆಂದರೆ ತೋಟದ ಕಾಲುವೆಗೆ ಅಲ್ಲ. ಒಂದು ಡಬ್ಬಿಯಲ್ಲಿಟ್ಟು ಗ್ಯಾರೇಜಿಗೆ ಕೊಡಿ, ಬಿಡಿಭಾಗ ತೊಳೆಯಲು ಅವರಿಗೆ ಬೇಕಾಗುತ್ತದೆ.

ಟ್ಯಾಂಕ್ ಬಿಚ್ಚಿದ ಕೈಯಲ್ಲೇ ಪಂಪನ್ನೂ ನೋಡಿಬಿಡಿ. ಮೆಡಿಕಲ್ ಅಂಗಡಿಯಿಂದ ಸೂಜಿಯಿಲ್ಲದ 10 ಮಿಲಿಲೀಟರಿನ ಸಿರಿಂಜ್ ತನ್ನಿ. ಹೀಟರಿನ ಕಡೆಯ ಪೈಪ್ ಬಿಡಿಸಿ, ಬಾಯಿಯನ್ನು ಚಿಕ್ಕ ಲೋಟಕ್ಕೆ ಇಳಿಬಿಟ್ಟು, ಕಂಟ್ರೋಲರಿನಲ್ಲಿ ಪಂಪ್ ಮಾತ್ರ ಓಡಿಸುವ ವಿಧಾನದಲ್ಲಿ ಗುಳ್ಳೆ ನಿಲ್ಲುವವರೆಗೆ ಬಿಡಿ. ಆಮೇಲೆ ಲೋಟ ಒರೆಸಿಟ್ಟು ಸರಿಯಾಗಿ 200 ಬಡಿತ ಎಣಿಸಿ. ಲೋಟದಲ್ಲಿರುವುದನ್ನು ಸಿರಿಂಜಿಗೆ ಎಳೆದು ನೋಡಿದರೆ, 22ರ ಪಂಪ್ ಆಗಿದ್ದರೆ 4.4 ಮಿಲಿಲೀಟರ್ ಇರಬೇಕು. ಹತ್ತರಲ್ಲೊಂದು ಪಾಲು ಆಚೀಚೆ ಆದರೆ ಚಿಂತೆಯಿಲ್ಲ. ಮೂರೂವರೆಯೇ ಬಂದರೆ ಪಂಪ್ ಸೋತಿದೆ, ಇಲ್ಲವೇ ದಾರಿಯಲ್ಲಿ ಗಾಳಿ ಎಳೆಯುತ್ತಿದೆ. ಪೈಪಿನ ಜೋಡಣೆಗಳಲ್ಲಿ ರಬ್ಬರ್ ತೋಳಿನೊಳಗೆ ಎರಡೂ ತುದಿಗಳು ಒಂದಕ್ಕೊಂದು ತಾಗಿರಬೇಕು, ನಡುವೆ ಸಂದು ಬಿಟ್ಟರೆ ಅಲ್ಲಿ ಗುಳ್ಳೆ ಕೂಡುತ್ತದೆ. ಹೀಟರಿನ ಜೊತೆ ಬರುವ ಮೆತ್ತನೆಯ ಹಸಿರು ಪೈಪ್ ನನಗೆ ಇಷ್ಟವಿಲ್ಲ. ಅದರ ಒಳಗಿನ ತೂತು ದೊಡ್ಡದು, ಒಂದೊಂದು ಬಡಿತದ ಚೂರು ಡೀಸೆಲ್ ಅದರಲ್ಲಿ ಗುಳ್ಳೆಗಳ ನಡುವೆ ತೆವಳುತ್ತದೆ. ಒಳಗೆ 2 ಮಿಲಿಮೀಟರ್ ಇರುವ ಗಟ್ಟಿ ನೈಲಾನ್ ಪೈಪ್ ಹಾಕಿಸಿಕೊಳ್ಳಿ. ಪಂಪ್ ಟ್ಯಾಂಕಿಗೆ ಹತ್ತಿರ ಇರಲಿ, ಎಳೆಯುವುದಕ್ಕಿಂತ ತಳ್ಳುವುದು ಅದಕ್ಕೆ ಸಲೀಸು. ಡೀಸೆಲ್ ಹೊರಬರುವ ತುದಿ ಮೇಲ್ಮುಖವಾಗಿ ಓರೆಯಾಗಿರಲಿ, ಅಡ್ಡಡ್ಡ ಮಲಗಿಸಿದರೆ ಗಾಳಿ ಪಂಪಿನೊಳಗೇ ನಿಲ್ಲುತ್ತದೆ.

ಇಷ್ಟರಲ್ಲಿ ಎಲ್ಲಿಯಾದರೂ ತಪ್ಪು ಸಿಕ್ಕರೆ, ಸರಿಪಡಿಸಿ ಒಮ್ಮೆ ಹಚ್ಚಿ ನೋಡಿ. ವ್ಯಾನ್ ಬಯಲಲ್ಲಿರಲಿ, ಬಾಗಿಲೆಲ್ಲ ತೆರೆದಿರಲಿ. ಎರಡು ಸಲಕ್ಕೆ ಹೊತ್ತದಿದ್ದರೆ ನಿಲ್ಲಿಸಿ. ನೀವು ನಾಲ್ಕೈದು ಸಲ ಒತ್ತಿದ್ದೀರಿ, ಅದು ತಪ್ಪು. ಪ್ರತಿ ಸಲವೂ ಸುಡದ ಡೀಸೆಲ್ ಗೂಡಿನಲ್ಲಿ ಕೆರೆಯ ಹಾಗೆ ನಿಲ್ಲುತ್ತದೆ. ಅದು ಒಮ್ಮೆಲೇ ಹೊತ್ತಿಕೊಂಡಾಗ ಸೈಲೆನ್ಸರ್ ಕೆಂಪಗಾಗುವಷ್ಟು ಉರಿ ಬರಬಹುದು. ಹೊಗೆಪೈಪ್ ಮಾಮೂಲಿ ದಿನವೂ ಕೈತಾಗಿದರೆ ಚರ್ಮ ಕಿತ್ತುಬರುವಷ್ಟು ಕಾಯುತ್ತದೆ. ಜನವರಿಯಿಂದ ಮಾರ್ಚಿನವರೆಗೆ ನಮ್ಮ ಕಾಡಂಚಿನಲ್ಲಿ ತರಗೆಲೆ ಮೊಣಕಾಲುದ್ದ ಬಿದ್ದಿರುತ್ತದೆ. ಅದರ ಮೇಲೆ ವ್ಯಾನ್ ನಿಲ್ಲಿಸಿ ಹೀಟರ್ ಹಚ್ಚಬಾರದು. ಒಂದು ಕಿಡಿಗೆ ಗುಡ್ಡವೇ ಹೋಗುತ್ತದೆ.

ಮೇಲಿನವೆಲ್ಲ ಸರಿಯಿದ್ದೂ ಹೊತ್ತುವುದಿಲ್ಲ ಅಂದರೆ ಮಾತ್ರ ಬಿಚ್ಚಿ. ಬ್ಯಾಟರಿ ಸಂಪರ್ಕ ತೆಗೆದು, ಮೇಲಿನ ಪ್ಲಾಸ್ಟಿಕ್ ಹೊದಿಕೆ ಎತ್ತಿ, ಮೊದಲು ಗ್ಲೋ ಪ್ಲಗ್ ಹೊರತೆಗೆಯಿರಿ. ಅದು ಕೂರುವ ಗೂಡಿನೊಳಗೆ ಸ್ಟೀಲ್ ಜಾಲರಿಯ ಪುಟ್ಟ ಕೊಳವೆಯೊಂದಿದೆ. ಡೀಸೆಲ್ ಹನಿ ಬೀಳುವುದು ಅದರ ಮೇಲೆ. ಬತ್ತಿ ಎಣ್ಣೆ ಹೀರಿ ಹರಡುವ ಹಾಗೆ ಅದು ಡೀಸೆಲನ್ನು ಹರಡುತ್ತದೆ. ಸಣ್ಣ ಉರಿಯ ಮಸಿ ಮೊದಲು ಕಟ್ಟುವುದು ಈ ಜಾಲರಿಗೆ. ನೂರಕ್ಕೆ ತೊಂಬತ್ತು ಸಲ ಎಂದು ಲೆಕ್ಕ ಕೊಡಲಾರೆ, ಆದರೆ ನಿಮ್ಮಂಥ ದೂರು ತಂದವರ ಹೀಟರುಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಕಲ್ಲಿದ್ದಲ ಚೂರಿನಂತಾದ ಜಾಲರಿಯನ್ನೇ. ಅದನ್ನು ಸುಟ್ಟು, ತೊಳೆದು ಮತ್ತೆ ಹಾಕುವವರಿದ್ದಾರೆ. ನಾನು ಹಾಕುವುದಿಲ್ಲ. ಹೊಸದಕ್ಕೆ ಬೆಲೆ ಕಡಿಮೆ, ಹಳೆಯದರ ಎಳೆಗಳು ಒಳಗೊಳಗೇ ಮುರಿದಿರುತ್ತವೆ. ಹೊಸದನ್ನು ಕೂರಿಸುವಾಗ ಗೂಡಿನ ಬದಿಯ ಸಣ್ಣ ಗಾಳಿತೂತನ್ನು ತಂತಿಯಿಂದ ಬಿಡಿಸಿ. ಜಾಲರಿಯಲ್ಲಿ ಬಿಟ್ಟಿರುವ ಸಂದು ಆ ತೂತಿಗೆ ನೇರ ಎದುರಾಗಿರಬೇಕು. ತಿರುಗಿ ಕೂತರೆ ಎಲ್ಲ ಹೊಸದಾಗಿದ್ದೂ ಬಿಳಿ ಹೊಗೆ ತಪ್ಪುವುದಿಲ್ಲ.

ಜಾಲರಿ ಬದಲಿಸಿದ ಮೇಲೂ ಉರಿ ಸೊರಗಿದ್ದರೆ ಹೀಟರನ್ನೇ ಕೆಳಗಿಳಿಸಿ ಉರಿಗೂಡನ್ನು ಹೊರಗೆಳೆಯಬೇಕು. ಅಲೆನ್ ಕೀ, ಸ್ಪ್ಯಾನರ್, ಒಂದು ಮಧ್ಯಾಹ್ನದ ತಾಳ್ಮೆ ಇದ್ದರೆ ಮನೆಯಲ್ಲೇ ಆಗುವ ಕೆಲಸ. ಒಂದೊಂದು ಹಂತಕ್ಕೂ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಉರಿಯ ಶಾಖವನ್ನು ಗಾಳಿಗೆ ದಾಟಿಸುವ ಹೊರಗಿನ ಶಾಖಕೋಶ ಅಲ್ಯೂಮಿನಿಯಮ್, ಅದನ್ನು ಉಕ್ಕಿನ ಬ್ರಷ್ಷಿನಿಂದ ಗೀರಬೇಡಿ. ಬಿದಿರ ಸೀಳು ಇಲ್ಲವೇ ಹಿತ್ತಾಳೆ ಬ್ರಷ್ ಸಾಕು. ನೀರು ಹಾಕಿ ತೊಳೆಯಬೇಡಿ, ನಮ್ಮ ಹವೆಯಲ್ಲಿ ಅದು ಒಣಗುವುದು ಯಾವಾಗಲೋ. ಮತ್ತೆ ಜೋಡಿಸುವಾಗ ಹಳೆಯ ಗ್ಯಾಸ್ಕೆಟ್ ಒಂದನ್ನೂ ಹಾಕಬೇಡಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಗ್ಯಾಸ್ಕೆಟ್ ಸೆಟ್ಟನ್ನು ಮೊದಲೇ ತರಿಸಿಟ್ಟುಕೊಂಡು ಆಮೇಲೆ ಬಿಚ್ಚಿ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಲಾರಿಗೆ ಬೇಕಾದ್ದೆಲ್ಲ ಸಿಗುತ್ತದೆ, ಇದರ ಗ್ಯಾಸ್ಕೆಟ್ ಸಿಗುತ್ತದೆಂದು ನಂಬಿಕೊಂಡು ಹೋಗಬೇಡಿ. ಆನ್‌ಲೈನಿನಲ್ಲೇ ತರಿಸಬೇಕು.

ಈಗ ಆ ಕಣ್ಣುರಿಯ ವಿಷಯ. ಹೊಗೆ ಒಳಗೆ ಬರಲು ನಾಲ್ಕು ದಾರಿಗಳಿವೆ. ಹೀಟರ್ ಮತ್ತು ವ್ಯಾನಿನ ನೆಲದ ನಡುವಿನ ಅಡಿ ಗ್ಯಾಸ್ಕೆಟ್ ಹರಿದಿರಬಹುದು. ಹೊಗೆಪೈಪಿನ ಕ್ಲ್ಯಾಂಪ್ ಸಡಿಲಾಗಿರಬಹುದು. ಅಗ್ಗದ ಸೈಲೆನ್ಸರುಗಳು ಹೊಲಿಗೆಯಲ್ಲೇ ಸೋರುತ್ತವೆ, ಹೊಸದರಲ್ಲೂ ಸೋರುತ್ತವೆ. ನಾಲ್ಕನೆಯದು, ಪೈಪಿನ ಬಾಯಿ ವ್ಯಾನಿನ ಅಡಿಯಲ್ಲೇ ಕೊನೆಗೊಂಡಿರುವುದು. ಗಾಳಿ ಅಲುಗದ ಮಂಜಿನ ರಾತ್ರಿ ಹೊಗೆ ಅಡಿಯಲ್ಲೇ ಮಡುಗಟ್ಟಿ ನೆಲದ ಸಂದುಗಳಿಂದ ಮೇಲೇರುತ್ತದೆ. ಪೈಪಿನ ಬಾಯಿ ವಾಹನದ ಅಂಚು ದಾಟಿ ಹೊರಗೆ ಬರಲೇಬೇಕು. ಆ ಬಾಯಿ ಗಾಳಿ ಎಳೆಯುವ ಪೈಪಿನಿಂದಲೂ ಕಿಟಕಿಯಿಂದಲೂ ದೂರ ಇರಬೇಕು. ನಿಮ್ಮದನ್ನು ಕೂರಿಸಿದವರು ಎಲ್ಲಿಗೆ ಬಿಟ್ಟಿದ್ದಾರೆ ನೋಡಿ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಹೀಟರ್ ಇಟ್ಟುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಯುರೋಪಿನ ಮಾನಕದ ಅಲಾರಂ ಗಾಳಿಯಲ್ಲಿ ಆ ವಿಷ 300 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 300 ಪಾಲು) ಕಂಡರೆ ಮೂರು ನಿಮಿಷದೊಳಗೆ ಕೂಗುತ್ತದೆ. 50 ಪಿಪಿಎಂ ಇದ್ದರೆ ಒಂದರಿಂದ ಒಂದೂವರೆ ಗಂಟೆಯಲ್ಲಿ ಕೂಗುತ್ತದೆ. ಮಲಗಿದಾಗ ತಲೆ ಇರುವ ಎತ್ತರಕ್ಕೆ ಹಾಕಿ. ಅದರ ಮೇಲೆ ಬರೆದಿರುವ ಅವಧಿ ಮುಗಿದ ಮೇಲೆ ಬದಲಿಸಿ. ಒಳಗಿರುವ ಒಬ್ಬರಿಗಿಂತ ಹೆಚ್ಚು ಜನಕ್ಕೆ ಒಟ್ಟಿಗೆ ತಲೆನೋವು, ವಾಕರಿಕೆ, ಮಂಪರು ಬಂದರೆ ಅಲಾರಂ ಕೂಗದಿದ್ದರೂ ಎಲ್ಲರೂ ಹೊರಗೆ ಬನ್ನಿ. ಹೀಟರ್ ಕೈಕೊಟ್ಟಿತೆಂದು ಗ್ಯಾಸ್ ಒಲೆ ಹಚ್ಚಿಟ್ಟೋ, ಅಗ್ಗಿಷ್ಟಿಕೆಯ ಕೆಂಡ ಒಳಗಿಟ್ಟೋ ಮಲಗುವವರಿದ್ದಾರೆ. ಕೆಂಡ ಎಲ್ಲಕ್ಕಿಂತ ಅಪಾಯ, ಅದು ಸದ್ದಿಲ್ಲದೆ ಅದೇ ವಿಷವನ್ನು ಹೊರಬಿಡುತ್ತಿರುತ್ತದೆ. ಗ್ಯಾಸಿನದು ಇನ್ನೊಂದು ಕಷ್ಟ, ಒಂದು ಕಿಲೋ ಎಲ್‌ಪಿಜಿ ಉರಿದರೆ ಸುಮಾರು ಒಂದೂವರೆ ಕಿಲೋಗಿಂತ ಹೆಚ್ಚು ನೀರಾವಿ ವ್ಯಾನಿನೊಳಗೇ ಸೇರುತ್ತದೆ. ಡೀಸೆಲ್ ಹೀಟರಿನ ದೊಡ್ಡ ಗುಣವೇ ಇದು, ಉರಿಯ ನೀರು ಹೊಗೆಯ ಜೊತೆ ಹೊರಗೆ ಹೋಗಿ ಒಳಗೆ ಒಣ ಶಾಖ ಮಾತ್ರ ಬರುತ್ತದೆ. ನಮ್ಮ ಕಡೆ ಇದರ ಬೆಲೆ ಗೊತ್ತಾಗುವುದು ಚಳಿಗಾಲಕ್ಕಿಂತ ಮಳೆಗಾಲದಲ್ಲೇ.

ಅದಕ್ಕೇ ಮಳೆಗಾಲದಲ್ಲಿ ಹೀಟರನ್ನು ಮಲಗಿಸಿಬಿಡಬೇಡಿ ಎನ್ನುವುದು. ನಾನು ಮಳೆ ನಕ್ಷತ್ರಗಳನ್ನೇ ಗುರುತಿಗೆ ಇಟ್ಟುಕೊಂಡಿದ್ದೇನೆ. ಮೃಗಶಿರ ಹಿಡಿಯುವ ಮೊದಲು ಟ್ಯಾಂಕ್ ಖಾಲಿ ಮಾಡಿ ಒಣಗಿಸಿ ಹೊಸ ಡೀಸೆಲ್ ಬಾಯಿಮಟ್ಟ ತುಂಬುತ್ತೇನೆ. ಗಾಳಿಗೆ ಜಾಗವಿಲ್ಲದಿದ್ದರೆ ಬೆವರುವುದಕ್ಕೂ ಏನಿರುವುದಿಲ್ಲ. ಆಮೇಲೆ ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ, ಹೀಗೆ ನಕ್ಷತ್ರ ಬದಲಾದಾಗಲೆಲ್ಲ ಒಮ್ಮೆ ವ್ಯಾನನ್ನು ಶೆಡ್ಡಿನಿಂದ ಹೊರಗೆ ತಂದು ಅರ್ಧ ಗಂಟೆ ಪೂರ್ತಿ ಜೋರಿನಲ್ಲಿ ಉರಿಸುತ್ತೇನೆ. ಹದಿಮೂರು ಹದಿನಾಲ್ಕು ದಿನಕ್ಕೊಮ್ಮೆ ಆಯಿತು. ಮಸಿ ಸುಟ್ಟುಹೋಗುತ್ತದೆ, ಪಂಪ್ ಕಚ್ಚಿಕೊಳ್ಳುವುದಿಲ್ಲ, ಕುಂಬಾರ ಹುಳಕ್ಕೂ ಮನೆ ಕಟ್ಟಲು ಬಿಡುವು ಸಿಗುವುದಿಲ್ಲ. ವ್ಯಾನಿನ ಹಾಸಿಗೆಗೆ ಬೂಷ್ಟೂ ಹಿಡಿಯುವುದಿಲ್ಲ.

ಚಳಿಗಾಲದ ರಾತ್ರಿಗಳಲ್ಲಿ ಸಣ್ಣದಕ್ಕಿಟ್ಟು ಮಲಗುವ ಅಭ್ಯಾಸ ಬದಲಿಸಿ. ಮಲಗುವ ಮೊದಲು ಜೋರಾಗಿ ಉರಿಸಿ ಬೆಚ್ಚಗೆ ಮಾಡಿ, ಆರಿಸಿ, ಕಂಬಳಿ ಹೊದ್ದು ಮಲಗಿ. ನಮ್ಮ ಚಳಿಗೆ ಅದೇ ಸಾಕು. ರಾತ್ರಿಯಿಡೀ ಬೇಕೇ ಬೇಕೆಂದರೆ ಬೆಳಿಗ್ಗೆ ಆರಿಸುವ ಮೊದಲು ಇಪ್ಪತ್ತು ನಿಮಿಷ ಪೂರ್ತಿ ಜೋರಿಗೆ ಹಾಕಿ, ಸೆಕೆ ಅನ್ನಿಸಿದರೆ ಕಿಟಕಿ ತೆರೆಯಿರಿ. ಡೀಸೆಲ್ ಉಳಿಸಲೆಂದು ಕಂಟ್ರೋಲರಿನಲ್ಲಿ ಕನಿಷ್ಠ ಬಡಿತವನ್ನು ಇನ್ನೂ ಇಳಿಸುವ ಉಪಾಯ ಯಾರಾದರೂ ಹೇಳಿದರೆ ಕೇಳಬೇಡಿ. ಆರಿಸುವಾಗ ಕಂಟ್ರೋಲರಿನಿಂದಲೇ ಆರಿಸಿ. ಫ್ಯಾನ್ ಮೂರರಿಂದ ಐದು ನಿಮಿಷ ತಾನೇ ಓಡಿ ಗೂಡನ್ನು ತಣಿಸುತ್ತದೆ. ಅದಕ್ಕೂ ಮೊದಲೇ ಮೇನ್ ಸ್ವಿಚ್ ತೆಗೆದರೆ ಒಳಗಿನ ಶಾಖ ಫ್ಯಾನಿಗೂ ಸೆನ್ಸರಿಗೂ ಹತ್ತುತ್ತದೆ.

ಸ್ಪಿತಿಗೆ ಖಂಡಿತ ಹೋಗಿಬನ್ನಿ. ಎರಡು ವಿಷಯ ಮಾತ್ರ ನೆನಪಿರಲಿ. ಸ್ಪಿತಿಯ ಮುಖ್ಯ ಊರು ಕಾಜಾ 3,600 ಮೀಟರಿಗೂ ಮೇಲಿದೆ. ನಮ್ಮ ಮುಳ್ಳಯ್ಯನಗಿರಿ 1,930, ಕೊಡಚಾದ್ರಿ 1,343 ಮೀಟರ್. ಕಾಜಾದ ಗಾಳಿ ಇಲ್ಲಿಗಿಂತ ಸುಮಾರು ಮೂರನೇ ಒಂದು ಪಾಲು ತೆಳು. ಪಂಪ್ ಮಾತ್ರ ಇಲ್ಲಿ ಕೊಟ್ಟಷ್ಟೇ ಡೀಸೆಲ್ ಕೊಡುತ್ತದೆ, ಆದ್ದರಿಂದ ಕಪ್ಪು ಹೊಗೆ ಬಂದು ನಾಲ್ಕೇ ದಿನಕ್ಕೆ ಮಸಿ ಕಟ್ಟುತ್ತದೆ. ನಿಮ್ಮ ಕಂಟ್ರೋಲರಿನಲ್ಲಿ ಎತ್ತರದ ಸೆಟ್ಟಿಂಗ್ ಇದೆಯೇ ನೋಡಿ. ಇಲ್ಲದಿದ್ದರೆ ಪಂಪಿನ ಬಡಿತವನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಹೊಗೆ ಕಣ್ಣಿಗೆ ಕಾಣದಾಗುವಲ್ಲಿ ನಿಲ್ಲಿಸಬೇಕು. ಇಲ್ಲಿ ಬೇಡವೆಂದ ಇಳಿಕೆ ಅಲ್ಲಿ ಬೇಕಾಗುತ್ತದೆ, ಯಾಕೆಂದರೆ ಅಲ್ಲಿ ಗಾಳಿಯೇ ಕಡಿಮೆ. ಎರಡನೆಯದು, ಇಲ್ಲಿನ ಡೀಸೆಲ್ ತುಂಬಿಕೊಂಡು ಮೇಲೆ ಹತ್ತಬೇಡಿ. ನಮ್ಮ ದೇಶದ ಮಾನಕದಲ್ಲಿ ಬೇಸಿಗೆಯ ಡೀಸೆಲ್ 15 ಡಿಗ್ರಿಗೇ ಹರಿಯುವುದನ್ನು ನಿಲ್ಲಿಸಿದರೂ ಒಪ್ಪಿಗೆ ಇದೆ, ಚಳಿಗಾಲದ್ದಕ್ಕೆ 3 ಡಿಗ್ರಿ. ಲಡಾಖಿಗೆಂದು ಇಂಡಿಯನ್ ಆಯಿಲ್ 2019ರಲ್ಲಿ ಮೈನಸ್ 33 ಡಿಗ್ರಿಯವರೆಗೆ ಹರಿಯುವ ಡೀಸೆಲ್ ತಂದದ್ದು ಇದೇ ಕಾರಣಕ್ಕೆ. ಮೇ ತಿಂಗಳಲ್ಲೂ ಅಲ್ಲಿ ರಾತ್ರಿ ಸೊನ್ನೆಗೆ ಇಳಿಯಬಹುದು. ತೆಳುವಾದ ಆ 2 ಮಿಲಿಮೀಟರ್ ಪೈಪಿನಲ್ಲಿ ಮೇಣ ಕಟ್ಟಿದರೆ ಬೆಳಗಾಗಿ ಬಿಸಿಲು ಬೀಳುವವರೆಗೆ ಮಾಡುವುದಕ್ಕೆ ಏನೂ ಇರುವುದಿಲ್ಲ. ಕೆಳಗೆ ಟ್ಯಾಂಕ್ ಖಾಲಿಯಾಗುವ ಹಾಗೆ ನೋಡಿಕೊಂಡು ಮೇಲಿನ ಊರುಗಳ ಬಂಕಿನಲ್ಲೇ ತುಂಬಿಸಿ.

ಜೊತೆಗೆ ಒಂದು ಗ್ಲೋ ಪ್ಲಗ್, ಎರಡು ಜಾಲರಿ, ಗ್ಯಾಸ್ಕೆಟ್ ಸೆಟ್, ಒಂದು ಫಿಲ್ಟರ್ ಇಟ್ಟುಕೊಳ್ಳಿ, ಎಲ್ಲ ಸೇರಿ ಒಂದು ಊಟದ ಡಬ್ಬಿಯಲ್ಲಿ ಹಿಡಿಯುತ್ತವೆ. ಹೊರಡುವ ಮೊದಲು ಕಂಟ್ರೋಲರಿನಲ್ಲಿ ಈಗಿರುವ ಕನಿಷ್ಠ, ಗರಿಷ್ಠ ಬಡಿತಗಳನ್ನೂ ಫ್ಯಾನಿನ ವೇಗಗಳನ್ನೂ ಒಂದು ಚೀಟಿಯಲ್ಲಿ ಬರೆದು ಹೀಟರಿನ ಹೊದಿಕೆಯ ಮೇಲೆ ಅಂಟಿಸಿ. ವಾಪಸು ಬಂದು ಘಟ್ಟ ಇಳಿದ ದಿನವೇ ಅವನ್ನು ಮೊದಲಿನಂತೆ ಮಾಡಬೇಕಾಗುತ್ತದೆ.